ಆಕಾಶ ಮುಟ್ಟುವ ಕಟ್ಟಡ

“ಬೆಂಗಳೂರಾಗೆ ಇದ್ಕಿಂತ ಎತ್ತರದ್ದು ಇನ್ನೊಂದಿಲ್ಲ. ಪಾಯಕ್ಕೆ ನರಬಲಿ ಕೊಟ್ಟಿದ್ರಂತೆ. ಕತ್ಲಾದ್ರೆ ಲಿಫ್ಟು ತಾನೇ ಓಡಾಡ್ತೈತಂತೆ. ನಮ್ಮ ಹುಡುಗ ಅಲ್ಲೇ ಕೆಲ್ಸ ಮಾಡ್ತಾನೆ, ಒಂಚೂರೂ ಹೆದರಲ್ಲ” ಎನ್ನುತ್ತ ಗಂಡಿನ ಸೋದರಮಾವ ಓಬಯ್ಯ ಫೋಟೊ ಕೊಟ್ಟ. ಕಟ್ಟಡದ ಮುಂದೆ ಹುಡುಗ ಸೊಂಟಕ್ಕೆ ಕೈಯಿಟ್ಟು ನಿಂತಿದ್ದ.

ಹೆಣ್ಣಿನ ತಾಯಿ ಹೊನ್ನಕ್ಕನಿಗೆ ಯಾಕೋ ಅನುಮಾನ. ಫೋಟೊವನ್ನು ಬಾಗಿಲ ಬೆಳಕಿಗೆ ಹಿಡಿದಳು. ಕಟ್ಟಡದ ನಡುವೆ ಬಟ್ಟೆಯಂತೆ ಮಡಿಕೆ ಬಿದ್ದಿತ್ತು; ಬುಡದಲ್ಲಿ ಇಲಿ ಕಡಿದ ತೂತು.

“ಇದು ಚಳ್ಳಕೆರೆ ಸ್ಟುಡಿಯೋದ ಪರದೆ ಅಲ್ವೇನ್ರಿ!” ಎಂದವಳು ತಟ್ಟನೆ ನಾಲಿಗೆ ಕಚ್ಚಿಕೊಂಡಳು.

ಓಬಯ್ಯ ಸಿಟ್ಟಾಗಲಿಲ್ಲ. ಆಕೆಯೇ ಕಳಿಸಿದ್ದ ಮಗಳ ಫೋಟೊವನ್ನು ಜೇಬಿನಿಂದ ತೆಗೆದು ಅದರ ಪಕ್ಕಕ್ಕೆ ಹಿಡಿದ. “ನಿಮ್ಮ ಹುಡುಗಿ ಬೆಂಗಳೂರಾಗೆ ಟೈಲರಿಂಗ್ ಕಲ್ತು ಬಂದವ್ಳೆ ಅಂದಿದ್ರಲ್ಲಕ್ಕಾ?”

ಮಗಳ ಕಾಲ ಬಳಿಯೂ ಅದೇ ತೂತು.