ಹೆಚ್ಚಾದ ಹದಿನಾಲ್ಕು ಗುರುತುಗಳು

“ಇದು ಹದಿನಾಲ್ಕನೇದು,” ಎನ್ನುತ್ತಾ ಅರಣ್ಯ ಇಲಾಖೆಯ ಅಧಿಕಾರಿ ಮೇಡಂ ಬಂಡೆಯ ಮೇಲಿನ ಹಳದಿ ಪಟ್ಟಿಗೆ ಪೆನ್ನಿನಿಂದ ತಟ್ಟಿದರು. “ನಕ್ಷೆಯಲ್ಲಿ ಈ ದಾರಿಗೆ ಇರೋದು ಮೂವತ್ತೆಂಟು ಗುರುತು. ನೀನು ಬಳಿದಿರೋದು ಐವತ್ತೆರಡು. ಜನ ಇಲ್ಲಿಗೆ ಕಾಡು ನೋಡೋಕೆ ಬರ್ತಾರಮ್ಮ. ಹೀಗೆ ಹೆಜ್ಜೆಗೊಂದು ಗುರುತು ಹಾಕಿದ್ರೆ ಇದೇನು ಆಸ್ಪತ್ರೆ ಕಾರಿಡಾರಾ? ಯಾಕೆ ಹಾಕಿದೆ, ಹೇಳು.”

ಹುಡುಗಿ ಬಣ್ಣದ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನೆಲ ನೋಡಿದಳು. ಯಾರಾದರೂ ‘ಯಾಕೆ’ ಎಂದು ಕೇಳಿದರೆ ಸಾಕು, ಅವಳ ನಾಲಿಗೆ ಅಂಗುಳಿಗೆ ಅಂಟಿಕೊಂಡುಬಿಡುತ್ತಿತ್ತು. ಏಳನೇ ತರಗತಿಗೆ ಶಾಲೆ ಬಿಟ್ಟದ್ದೂ ಅರ್ಧ ಅದಕ್ಕೇ. ಕಾಡಿನ ಮರಗಳು ಮುಗಿದು ಮೊಣಕಾಲೆತ್ತರದ ಕುರುಚಲು ಬಯಲು ಶುರುವಾಗುವ ಜಾಗ ಅದು. ಅಲ್ಲಿ ದಾರಿ ಎರಡಾಗಿ ಒಡೆಯುತ್ತಿತ್ತು. ಎಡಗಡೆಯದು ಅಗಲವಾಗಿ, ನುಣ್ಣಗೆ, ಬಾ ಬಾ ಎಂದು ಕರೆಯುವಂತಿತ್ತು. ಬಲಗಡೆಯದು ಪೊದೆಗಳ ಸಂದಿಯಲ್ಲಿ ಕಂಡೂ ಕಾಣದಂತಿತ್ತು.

ಉತ್ತರ ಕೊಟ್ಟಿದ್ದು ದೊಡ್ಡಪ್ಪ. ಮೂವತ್ತು ವರ್ಷ ಈ ದಾರಿಗೆ ಗುರುತು ಬಳಿದವರು ಅವರೇ. ಮಂಡಿ ಸೋತ ಮೇಲೆ ಕೆಲಸ ತಮ್ಮನ ಮಗಳಿಗೆ ಸಿಗಲೆಂದು ಕಚೇರಿಗೆ ಹತ್ತು ಸಲ ಅಲೆದಿದ್ದರು. ಮೂರು ತಿಂಗಳ ಪರೀಕ್ಷೆ ಇವತ್ತಿಗೆ ಮುಗಿಯುತ್ತಿತ್ತು. ಮೇಡಂ ಕೈಯಲ್ಲಿದ್ದ ಹಾಳೆಗೆ ಸಹಿ ಬಿದ್ದರೆ ಕೆಲಸ ಕಾಯಂ.

“ಹೊಸ ಹುರುಪು ಮೇಡಂ. ಕುಂಚ ಕೈಗೆ ಸಿಕ್ತು ಅಂತ ಕಂಡಕಂಡಲ್ಲಿ ಬಳಿದಿದಾಳೆ. ಅದಕ್ಕೇನಂತೆ, ನಾನೇ ಕೆರೆದು ತೆಗೀತೀನಿ. ಆದರೆ ದಾರಿ ಮಾತ್ರ ಇವಳಿಗೆ ಅಂಗೈ ಇದ್ದ ಹಾಗೆ. ಮೊದಲ ದಿನದಿಂದ ಒಬ್ಬಳೇ ಓಡಾಡಿದಾಳೆ, ಒಂದು ಸಲ ತಪ್ಪಿಲ್ಲ. ನನ್ನ ತಮ್ಮನ ಮಗಳಲ್ವಾ!”

ಚೀಲದಿಂದ ತಂತಿ ಬ್ರಶ್ ತೆಗೆದು, ‘ಅಯ್ಯಪ್ಪಾ’ ಎಂದು ಮಂಡಿಗೆ ಕೈ ಊರಿ, ಬಂಡೆಯ ಮುಂದೆ ಕುಳಿತರು. ಬ್ರಶ್ ಕರ್ರೆಂದು ಒಮ್ಮೆ ಎಳೆದದ್ದೇ ತಡ, ಹಳದಿ ಪಟ್ಟಿಯ ಮೂಲೆ ಪುಡಿಯಾಗಿ ಉದುರಿತು.

“ಬೇಡ ದೊಡ್ಡಪ್ಪ.”

ಅವಳ ದನಿ ಅವಳಿಗೇ ಹೊಸದಾಗಿ ಕೇಳಿಸಿತು. ದೊಡ್ಡಪ್ಪ ಬ್ರಶ್ ಹಿಡಿದಂತೆಯೇ ತಿರುಗಿ ನೋಡಿದರು.

“ನಾನು ತಪ್ಪಿದ್ದೆ,” ಎಂದಳು. “ಮೊದಲನೇ ವಾರ. ಹದಿನಾಲ್ಕು ಕಡೆ. ಇಲ್ಲಂತೂ ಎರಡು ಸಲ.”

“ಏನೇ ಇದು? ಹೊತ್ತು ಮಾಡಿ ಬಂದಾಗ ಹಕ್ಕಿ ನೋಡ್ತಾ ನಿಂತಿದ್ದೆ ಅಂದೆ?”

“ಸುಳ್ಳು ಹೇಳಿದ್ದೆ. ತಪ್ಪಿದೆ ಅಂದ್ರೆ ನೀವು ಕಳಿಸಲ್ಲ ಅಂತ. ತಪ್ಪಿದ ಕಡೆ ಎಲ್ಲ ಒಂದೊಂದು ದಾರ ಕಟ್ಟಿ ಬರ್ತಿದ್ದೆ. ಆಮೇಲೆ ಆ ದಾರ ಇದ್ದಲ್ಲೆಲ್ಲ ಬಣ್ಣ ಬಳಿದೆ.”

“ದಾರ ಎಲ್ಲಿಂದ ತಂದೆ?”

ಅವಳು ಎಡಗೈ ಮುಂದೆ ಚಾಚಿದಳು. ಕೆಂಪು ಸ್ವೆಟರಿನ ಆ ತೋಳು ಬಿಚ್ಚಿ ಬಿಚ್ಚಿ ಮೊಣಕೈ ಹತ್ತಿರಕ್ಕೆ ಬಂದು ನಿಂತಿತ್ತು. ಆ ತೋಳಿಗಾಗಿ ದೊಡ್ಡಪ್ಪ ದಿನಕ್ಕೊಮ್ಮೆ ಬೈಯುತ್ತಿದ್ದರು: ಇಲಿ ತಿಂತಾ, ನೀನೇ ತಿಂದೆಯಾ? ಈಗ ಅವರು ಆ ತೋಳನ್ನೂ ಮುಂದಿನ ಬಯಲನ್ನೂ ಒಂದರ ನಂತರ ಒಂದು ನೋಡಿದರು. ಕೆಲಸ ಹೋಯಿತು ಎಂದುಕೊಂಡಳು ಹುಡುಗಿ.

ಮೇಡಂ ಅಗಲವಾದ ಎಡದಾರಿಯ ಕಡೆಗೇ ನೋಡುತ್ತಾ ನಿಂತಿದ್ದರು.

“ಇಲ್ಲಿ ಹೀಗೆ ಹೋದೆಯಾ?”

“ಹೂಂ ಮೇಡಂ. ಮುಂದೆ ಜೌಗು. ಮೊಣಕಾಲವರೆಗೆ ಹೂತುಹೋಗಿದ್ದೆ.”

“ನಾನು ತೊಡೆವರೆಗೆ,” ಎಂದರು ಮೇಡಂ. “ಕೆಲಸಕ್ಕೆ ಸೇರಿದ ವರ್ಷ. ಒಂದು ಬೂಟು ಇನ್ನೂ ಅಲ್ಲೇ ಇರಬೇಕು. ಕಚೇರೀಲಿ ಬೂಟನ್ನ ನಾಯಿ ಕಚ್ಕೊಂಡು ಹೋಯ್ತು ಅಂದಿದ್ದೆ.”

ದೊಡ್ಡಪ್ಪನಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. “ಅದು ಹೇಗೆ ಮೇಡಂ? ಅದು ಜಿಂಕೆ ನೀರಿಗೆ ಹೋಗೋ ದಾರಿ ಅಂತ ನೋಡಿದ್ರೆ ಗೊತ್ತಾಗಲ್ವಾ?”

“ನಿಮಗೆ ಗೊತ್ತಾಗುತ್ತೆ ಯಜಮಾನ್ರೇ, ಹೊಸಬರಿಗೆ ಗೊತ್ತಾಗಲ್ಲ. ಈ ದಾರೀಲಿ ನೀವು ಎಷ್ಟು ಸಲ ತಪ್ಪಿದೀರಿ?”

“ನಾನಾ? ಇಷ್ಟು ವರ್ಷದಲ್ಲಿ ಒಂದು ಸಲವೂ ಇಲ್ಲ!” ಎಂದು ದೊಡ್ಡಪ್ಪ ಎದೆ ಸೆಟೆಸಿದರು. ಅಷ್ಟರಲ್ಲೇ ಏನೋ ಹೊಳೆದಂತಾಗಿ, ಆ ಸೆಟೆದ ಎದೆ ಹಾಗೇ ಮೆಲ್ಲಗೆ ಇಳಿಯಿತು. ಕೈಯಲ್ಲಿದ್ದ ತಂತಿ ಬ್ರಶ್ಶನ್ನು ಚೀಲಕ್ಕೆ ಹಾಕಿ, ಬಂಡೆಯ ಮೇಲೆ ಉದುರಿದ್ದ ಹಳದಿ ಪುಡಿಯನ್ನು ಅಂಗೈಯಿಂದ ಒರೆಸಿದರು. “ಆ ಮೂಲೆ ಸರಿ ಮಾಡು ಪುಟ್ಟಿ,” ಎಂದರು.

ಅವಳು ಬಗ್ಗಿ ಮೂಲೆಗೆ ಬಣ್ಣ ತುಂಬುತ್ತಿದ್ದಾಗ ಮೇಡಂ ಹಾಳೆಯನ್ನು ತೊಡೆಯ ಮೇಲಿಟ್ಟು ಸಹಿ ಹಾಕಿದರು. ನಕ್ಷೆಯಲ್ಲಿದ್ದ ಮೂವತ್ತೆಂಟನ್ನು ಹೊಡೆದುಹಾಕಿ ಐವತ್ತೆರಡು ಎಂದು ಬರೆದರು. ಆಮೇಲೆ ಬಯಲಿನಾಚೆ ನೀಲಿಯಾಗಿ ಕಾಣುತ್ತಿದ್ದ ಕಾಡಿನತ್ತ ಪೆನ್ನು ತೋರಿಸಿದರು.

“ಗುಡ್ಡದ ಆಚೆ ಹೊಸ ದಾರಿ ಕಡಿಸಿದೀವಿ. ಇನ್ನೂ ಒಂದು ಗುರುತೂ ಇಲ್ಲ. ಯಾವತ್ತಾದ್ರೂ ಹೋಗಿದೀಯಾ?”

“ಇಲ್ಲ ಮೇಡಂ.”

“ನಾನು ಜೊತೆಗೆ ಹೋಗಿ ಎಲ್ಲ ತೋರಿಸಿಕೊಡ್ತೀನಿ,” ಎಂದು ದೊಡ್ಡಪ್ಪ ಮುಂದೆ ಬಂದರು.

“ನೀವು ಮನೇಲಿ ಮಂಡಿಗೆ ಎಣ್ಣೆ ಹಚ್ಕೊಂಡು ಕೂತಿರಿ,” ಎಂದ ಮೇಡಂ ಹುಡುಗಿಯ ಕಡೆ ತಿರುಗಿದರು. “ಬೆಳಿಗ್ಗೆ ಒಬ್ಬಳೇ ಹೋಗು. ಎಲ್ಲೆಲ್ಲಿ ದಾರಿ ತಪ್ಪೋಕಾಗುತ್ತೋ ಅಲ್ಲೆಲ್ಲ ತಪ್ಪಿ ಬಾ.”

ದೊಡ್ಡಪ್ಪ ಅವಳ ಸ್ವೆಟರಿನ ಬಲತೋಳಿನ ಅಂಚನ್ನು ಎರಡು ಬೆರಳಲ್ಲಿ ಹಿಡಿದು, ಎಳೆದು, ಕಣ್ಣು ಕಿರಿದು ಮಾಡಿ ನೋಡಿದರು.

“ಇದು ಸಾಲುತ್ತೇನೇ?” ಎಂದರು.