ಗುಡ್ಡ ಹತ್ತಿದ ಅವ್ವ

ಸಂತೆಯಲ್ಲಿ ಸೀತಾಫಲದ ಬುಟ್ಟಿಗೆ ಹಾಸಿದ ಹಸಿ ಎಲೆಯ ವಾಸನೆ ಬಂದರೆ ಈಗಲೂ ನನಗೆ ಚಿಂಚೋಳಿಯ ಗುಡ್ಡ ನೆನಪಾಗುತ್ತದೆ.

ಆಗ ನನಗೆ ಐದಾರು ವರ್ಷ. ಶಹಾಬಾದದ ನಮ್ಮ ತುಂಬಿದ ಮನೆಯಲ್ಲಿ ಅವ್ವ ದನಿ ಎತ್ತಿದ್ದನ್ನು ನಾನು ಕೇಳಿರಲಿಲ್ಲ. ಅಪ್ಪ ಅವಳನ್ನು ‘ಏ, ಬಾ ಇಲ್ಲಿ’ ಎಂದೇ ಕರೆಯುತ್ತಿದ್ದ. ಆ ಸಲ ಐನಾಪುರದ ತವರಿಗೆ ಹೋದಾಗ, ತಾನು ಚಿಕ್ಕಂದಿನಲ್ಲಿ ಹತ್ತುತ್ತಿದ್ದ ಗುಡ್ಡಕ್ಕೆ ಅವ್ವ ನಮ್ಮನ್ನು ಕರೆದೊಯ್ದಳು. ಕೆಂಪು ಮಣ್ಣು, ನನ್ನೆತ್ತರದ ಹುಲ್ಲು, ದಾರಿಯುದ್ದಕ್ಕೂ ಸೀತಾಫಲದ ಗಿಡಗಳು. ಅರ್ಧಕ್ಕೇ ಅಪ್ಪ ಏದುಸಿರು ಬಿಡುತ್ತ ಬಂಡೆಯ ಮೇಲೆ ಕುಳಿತ.

“ಸಾಕು, ಇಳಿ ಇನ್ನ. ಬಿಸಲು ಭಾಳ ಅದ.”

“ನೀವು ಕುಂದ್ರಿ. ನಾ ಮ್ಯಾಲ ಹೋಗೇ ಬರತೀನಿ,” ಎಂದಳು ಅವ್ವ.

ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ನನ್ನ ಕೈ ಹಿಡಿದು, ಕಲ್ಲಿನಿಂದ ಕಲ್ಲಿಗೆ ಹಗುರಾಗಿ ಹತ್ತಿದಳು. ತುದಿಯಲ್ಲಿ ನಿಂತರೆ ಕಣ್ಣು ಹಾಯುವವರೆಗೂ ಹಸಿರು ಗುಡ್ಡಗಳು. ಅವ್ವ ಬಾಯಿಗೆ ಎರಡೂ ಕೈ ಹಿಡಿದು ಜೋರಾಗಿ ಕೂಗಿದಳು:

“ಚಂದ್ರಕಲಾ!”

ಎದುರಿನ ಗುಡ್ಡವೂ ಅದನ್ನೇ ಕೂಗಿತು.

“ಅಕಿ ಯಾರವ್ವಾ?” ಎಂದು ಕೇಳಿದೆ.

“ನಾನೇ,” ಎಂದು ಅವ್ವ ನಕ್ಕಳು.

ಅಷ್ಟರಲ್ಲಿ ಕೆಳಗಿನಿಂದ ಅಪ್ಪನ ದನಿ ಕೇಳಿಸಿತು.

“ಚಂದ್ರಕಲಾ, ಅಲ್ಲೇ ನಿಂದ್ರು. ನಾನೂ ಬರಾಕತ್ತೀನಿ!”