ಮಲಗುವ ಜಾಗ

"ಈ ಹಾಸಿಗೆ ಮೇಲೆ ಯಾರೂ ಮಲಗಿಲ್ಲ," ಎಂದರು ಮಕ್ಕಳ ಇಲಾಖೆಯ ಅಧಿಕಾರಿ. ಚಾದರದ ಮೇಲೆ ಅಂಗೈ ಆಡಿಸಿ, ದಿಂಬನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ಅಂಗಡಿಯಿಂದ ಆಗಷ್ಟೇ ತಂದಂತಿತ್ತು. "ಇಲ್ಲಿಗೆ ಬಂದು ಎಷ್ಟು ತಿಂಗಳಾಯ್ತು ಅಂದ್ರಿ?"

"ಏಳು, ಮೇಡಂ."

ಅವಳು ಗೋಡೆಗೆ ಅಂಟಿಕೊಂಡು ನಿಂತಿದ್ದಳು. ಆಸ್ಪತ್ರೆಯ ಲಾಂಡ್ರಿಯಲ್ಲಿ ದಿನಕ್ಕೆ ಇನ್ನೂರು ಚಾದರ ಮಡಿಸುವ ಕೈಗಳು ಈಗ ಕೆಲಸವಿಲ್ಲದೆ ಅಂಗಿಯ ಅಂಚನ್ನೇ ಮಡಿಸುತ್ತಿದ್ದವು. ಎರಡು ವರ್ಷ ರೈಲು ನಿಲ್ದಾಣದಲ್ಲಿ ಮಲಗಿದವಳು. ಮಗಳನ್ನು ಇಲಾಖೆಯವರು ಮಕ್ಕಳ ಮನೆಗೆ ಕರೆದುಕೊಂಡು ಹೋದದ್ದೂ ಅಲ್ಲಿಂದಲೇ. ಬೀದಿಗೆ ಬಿದ್ದ ಹೆಂಗಸರಿಗೆಂದೇ ನಡೆಸುವ ಈ ಕಟ್ಟಡದಲ್ಲಿ ಅವಳಿಗೊಂದು ಕೋಣೆ ಸಿಕ್ಕಿತ್ತು, ಅದರ ಬೀಗದ ಕೈ ಸಿಕ್ಕಿತ್ತು, ಕೆಲಸ ಹುಡುಕಿಕೊಟ್ಟ ಮೇಲ್ವಿಚಾರಕಿಯೂ ಸಿಕ್ಕಿದ್ದರು. ಇನ್ನು ಸಿಗಬೇಕಾದದ್ದು ಮಗಳೊಬ್ಬಳೇ. ಆ ಒಂಬತ್ತರ ಹುಡುಗಿ ಈಗ ಕೆಳಗೆ, ಮೇಲ್ವಿಚಾರಕಿಯ ಆಫೀಸಿನಲ್ಲಿ ಕೂತಿದ್ದಳು. ಅಧಿಕಾರಿ ಹೂಂ ಎಂದರೆ ಮೇಲೆ ಬರುತ್ತಾಳೆ. ಇಲ್ಲವಾದರೆ ಬಂದ ವ್ಯಾನಿನಲ್ಲೇ ವಾಪಸು.

ಅಧಿಕಾರಿ ಬೀರು ತೆರೆದರು. ಒಂದು ಖಾನೆಯಲ್ಲೂ ಏನಿಲ್ಲ. ಬಟ್ಟೆ, ಕಾಗದಪತ್ರ, ಬಾಚಣಿಗೆ, ಕೊನೆಗೆ ಊಟದ ತಟ್ಟೆ ಕೂಡ ಮೂಲೆಯ ಚೀಲದಲ್ಲಿತ್ತು.

"ಹೊರಡೋಕೆ ತಯಾರಾಗಿದ್ದೀರಿ."

"ಇಲ್ಲ ಮೇಡಂ."

"ಕೆಳಗಿನವರು ನೀವು ಒಂದು ರಾತ್ರಿನೂ ತಪ್ಪಿಸಿಲ್ಲ ಅಂತಾರೆ. ರೂಮು ನೋಡಿದ್ರೆ ಹಾಗನ್ನಿಸಲ್ಲ. ನಿಜವಾಗಿ ಎಲ್ಲಿರ್ತೀರಿ? ಯಾರ ಜೊತೆ?"

ಪಕ್ಕದ ಕೋಣೆಯ ಅಡುಗೆಯಾಕೆ ಬೆಳಗ್ಗೆಯೇ ಎಚ್ಚರಿಸಿದ್ದಳು: "ನೋಡೇ, ಕೇಳಿದ್ದಕ್ಕಷ್ಟೇ ಉತ್ತರ ಕೊಡು. ನಿನ್ನ ರಾತ್ರಿ ಪುರಾಣ ತೆಗೀಬೇಡ. ತಲೆ ಸರಿಯಿಲ್ಲ ಅಂತ ಒಂದು ಸಾಲು ಬರ್ಕೊಂಡ್ರೆ ಮುಗೀತು, ಅದನ್ನ ಅಳಿಸೋಕೆ ಯಾರಪ್ಪನ ಕೈಲೂ ಆಗಲ್ಲ."

"ಇಪ್ಪತ್ತು ವರ್ಷದಿಂದ ಮನೆ ನೋಡ್ತಿದ್ದೀನಿ," ಎಂದರು ಅಧಿಕಾರಿ, ಫೈಲು ಬಿಚ್ಚುತ್ತ. "ತೋರಿಸೋಕೆ ಅಂತ ಇಟ್ಟ ಮನೆ ಯಾವುದು ಅಂತ ಗೊತ್ತಾಗುತ್ತೆ. ಹೋದ ವರ್ಷ ಒಬ್ಬಳ ಕಣ್ಣೀರು ನಂಬಿ ಮಗು ಒಪ್ಪಿಸಿದೆ. ಮೂರನೇ ದಿನ ರೂಮಿಗೆ ಬೀಗ. ಮಗು ಸಿಕ್ಕಿದ್ದು ಬಸ್ ನಿಲ್ದಾಣದಲ್ಲಿ, ಒಂದೇ. ನನ್ನಿಂದ ಇನ್ನೊಂದು ಸಲ ಅದು ಆಗಲ್ಲ." ಪೆನ್ನು ಕಾಗದಕ್ಕೆ ತಾಗಿತು.

"ಬರೀಬೇಡಿ," ಎಂದಳು ಅವಳು. ಎರಡೇ ಹೆಜ್ಜೆಗೆ ಬಾಗಿಲು ಮುಟ್ಟಿ, ಮುಚ್ಚಿ, ಚಿಲಕ ಹಾಕಿದಳು.

ಅಧಿಕಾರಿ ಹಿಂದಕ್ಕೆ ಸರಿದರು. "ಏನ್ ಮಾಡ್ತಿದ್ದೀರಿ? ಬಾಗಿಲು ತೆಗೀರಿ." ಅವರ ಕೈ ಫೋನಿಗಾಗಿ ಹೆಗಲ ಚೀಲದೊಳಗೆ ತಡಕಾಡಿತು.

ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಚೀಲವನ್ನು ಬಾಗಿಲ ಬುಡಕ್ಕೆ ಎಳೆದಳು. ಬರಿ ನೆಲದ ಮೇಲೆ ಮಲಗಿ, ಚೀಲಕ್ಕೆ ತಲೆಕೊಟ್ಟು, ಬಾಗಿಲಿಗೆ ಬೆನ್ನು ಒತ್ತಿ, ಮೊಣಕಾಲನ್ನು ಎದೆಗೆ ಎಳೆದುಕೊಂಡಳು.

"ಇಲ್ಲಿ, ಮೇಡಂ. ನಾನಿರೋದು ಇಲ್ಲಿ."

ಅಧಿಕಾರಿಯ ಕೈ ತಮ್ಮ ಹೆಗಲ ಚೀಲದೊಳಗೇ ನಿಂತಿತು. ಅವಳ ತಲೆಯಿದ್ದ ಕಡೆ ಬಾಗಿಲಿಗೆ ತಟ್ಟೆಯಗಲದ ಎಣ್ಣೆ ಜಿಡ್ಡು ಹತ್ತಿತ್ತು. ಬೆನ್ನಿದ್ದ ಕಡೆ ಬಣ್ಣ ಸವೆದು ಒಳಗಿನ ಮರ ಕಾಣುತ್ತಿತ್ತು. ಒಂದೆರಡು ದಿನದಲ್ಲಿ ಆಗುವಂಥದ್ದಲ್ಲ.

"ಮಂಚದ ಮೇಲೆ ಮಲಗಿದ್ರೆ ಬಾಗಿಲು ದೂರ ಆಗುತ್ತೆ," ಎಂದಳು, ಮಲಗಿದಲ್ಲಿಂದಲೇ. "ಯಾರು ಬಂದ್ರೂ ಗೊತ್ತಾಗಲ್ಲ. ಚಿಲಕ ಇದೆ, ನನಗೂ ಗೊತ್ತು. ಈ ಬೆನ್ನಿಗೆ ಇನ್ನೂ ಗೊತ್ತಾಗಿಲ್ಲ."

ಹೊರಗೆ ಮೆಟ್ಟಿಲಲ್ಲಿ ಯಾರೋ ಬಕೆಟ್ ಇಟ್ಟ ಸದ್ದಾಯಿತು. ಅವಳ ಮೈ ಸೆಟೆದದ್ದನ್ನು ಅಧಿಕಾರಿ ನೋಡಿದರು.

"ಮಗಳು ಬಂದ್ರೆ ಎಲ್ಲಿ ಮಲಗ್ತಾಳೆ?"

"ಮಂಚದ ಮೇಲೆ."

"ನೀವು?"

ಅವಳು ಬೆನ್ನನ್ನು ಬಾಗಿಲಿಗೆ ಇನ್ನಷ್ಟು ಒತ್ತಿಕೊಂಡಳು.

"ಅಮ್ಮ ರಾತ್ರಿಯೆಲ್ಲ ಹೀಗೆ ಬಾಗಿಲು ಕಾಯ್ತಿದ್ರೆ ಮಗುಗೆ ನಿದ್ದೆ ಬರುತ್ತಾ?"

"ಗೊತ್ತಿಲ್ಲ ಮೇಡಂ. ಬರುತ್ತೆ ಅಂತ ಹೇಳಿದ್ರೆ ಸುಳ್ಳಾಗುತ್ತೆ."

ಅಧಿಕಾರಿ ಫೈಲು ಮುಚ್ಚಿದರು. "ಏಳಿ. ಮಗಳು ಎರಡು ರಾತ್ರಿ ಇಲ್ಲಿರಲಿ. ಸೋಮವಾರ ನಾನೇ ಬಂದು ನಿದ್ದೆ ಬಂತಾ ಅಂತ ಮಗು ಹತ್ತಿರ ಕೇಳ್ತೀನಿ. ಏನು ಬರೀಬೇಕು ಅಂತ ಆಮೇಲೆ ನೋಡೋಣ." ಫೋನ್ ತೆಗೆದು ಕೆಳಗಿನವರಿಗೆ, "ಕಳಿಸಿ," ಎಂದರು.

ತಾಯಿ ಎದ್ದು, ಚೀಲ ಸರಿಸಿ, ಚಿಲಕ ತೆಗೆದಳು. ಹುಡುಗಿ ಬಂದಳು. ಬಿಗಿಯಾಗಿ ಹೆಣೆದ ಎರಡು ಜಡೆ, ಹೆಗಲಿಗೆ ಪುಸ್ತಕದ ಚೀಲ. ತಾಯಿ ಕೈಚಾಚಿದಳು, ಮುಟ್ಟುವ ಧೈರ್ಯವಾಗದೆ ಅಲ್ಲಿಗೇ ನಿಲ್ಲಿಸಿದಳು. ಹುಡುಗಿ ಕೋಣೆಯನ್ನೆಲ್ಲ ಒಂದು ಸುತ್ತು ನೋಡಿ, ನೇರ ಮಂಚಕ್ಕೆ ಹೋಗಿ ಕೂತಳು. "ಅಲ್ಲಿ ಒಬ್ಬೊಬ್ಬರಿಗೆ ಒಂದೊಂದು ಮಂಚ. ನಂದು ಎಂಟನೇದು," ಎಂದಳು, ಯಾರಿಗೋ ವರದಿ ಒಪ್ಪಿಸುವಂತೆ. ನಂತರ ಹಾಸಿಗೆಯ ಅಗಲವನ್ನು ಕಣ್ಣಲ್ಲೇ ಅಳೆದಳು.

"ಅಮ್ಮ, ನಾನು ಯಾವ ಕಡೆ? ಗೋಡೆ ಕಡೆನಾ, ಈಚೆ ಕಡೆನಾ?"

ಹೊಸ್ತಿಲ ಆಚೆಗೆ ಒಂದು ಕಾಲಿಟ್ಟಿದ್ದ ಅಧಿಕಾರಿ ತಿರುಗಿ ನೋಡಿದರು. ತಾಯಿ ಬಾಗಿಲನ್ನೊಮ್ಮೆ, ಮಂಚವನ್ನೊಮ್ಮೆ ನೋಡಿದಳು.

"ಗೋಡೆ ಕಡೆ," ಎಂದಳು.

"ಸರಿ," ಎಂದು ಹುಡುಗಿ ಗೋಡೆಯತ್ತ ಸರಿದು ಕಾಲು ಮೇಲೆತ್ತಿಕೊಂಡಳು. "ಆದ್ರೆ ಬಾಗಿಲಿಗೆ ಹತ್ತಿರ ನೀನಾಗ್ತೀಯ. ಯಾರಾದ್ರೂ ತಟ್ಟಿದ್ರೆ ನನ್ನ ಎಬ್ಬಿಸಬೇಡ. ನೀನೇ ಎದ್ದು ತೆಗೀಬೇಕು."